ತಡವಾಗಿ ಬಾರಿಸಿದ ಕೊನೆಯ ಗಂಟೆ

ಆ ಹೋಟೆಲಿನ ಮೇಲಿನ ಮಹಡಿಗಳಲ್ಲಿ ಮಲಗುವವರಿಗೆ ತಮ್ಮ ಹಾಸಿಗೆಯ ಬಿಳಿ ಚಾದರ ಎಲ್ಲಿಂದ ಬರುತ್ತದೆ ಎಂದು ಗೊತ್ತಿರಲಿಲ್ಲ. ಅದು ಬರುತ್ತಿದ್ದುದು ನೆಲಮಾಳಿಗೆಯಿಂದ. ಅಲ್ಲಿ ಒಗೆಯುವ ಯಂತ್ರಗಳು, ಒಣಗಿಸುವ ಯಂತ್ರಗಳು, ಉದ್ದನೆಯ ಮಡಿಸುವ ಮೇಜು, ಗೋಡೆಗೆ ಒತ್ತಿ ನಿಂತ ಇಸ್ತ್ರಿ ಹಲಗೆಗಳು ಇದ್ದವು. ಅಲ್ಲಿನ ಬೆಳಗಿನ ಪಾಳಿಯ ಮುಖ್ಯಸ್ಥೆಯನ್ನು ಎಲ್ಲರೂ ಇಸ್ತ್ರಿಯಕ್ಕ ಎಂದು ಕರೆಯುತ್ತಿದ್ದರು.

ಇಸ್ತ್ರಿಯಕ್ಕ ಆ ನೆಲಮಾಳಿಗೆಗೆ ಬಂದಾಗ ಇನ್ನೂ ಎರಡು ಜಡೆ ಹಾಕುವ ವಯಸ್ಸು. ಮೊದಲು ಕಾಲುಚೀಲಗಳ ಜೋಡಿ ಹುಡುಕುವ ಕೆಲಸ. ಆಮೇಲೆ ದಿಂಬಿನ ಚೀಲ. ಆಮೇಲೆ ಚಾದರ. ಕೊನೆಗೆ ಮದುವೆಗೆ ಬಂದ ಅತಿಥಿಗಳ ರೇಷ್ಮೆಯನ್ನೂ ಹೆದರದೆ ಅವಳ ಕೈಗೆ ಕೊಡುತ್ತಿದ್ದರು. ಇಸ್ತ್ರಿಪೆಟ್ಟಿಗೆ ಎಷ್ಟು ಕಾದಿದೆ ಎಂದು ಅವಳು ಮುಟ್ಟಿ ನೋಡುತ್ತಿರಲಿಲ್ಲ. ಬೆರಳಿನಿಂದ ಒಂದು ಹನಿ ನೀರು ಚಿಮುಕಿಸಿ, ಅದು ಚುರ್ ಎನ್ನುವ ಸದ್ದಿನಲ್ಲೇ ಹತ್ತಿಗೆ ಸರಿಯೋ ರೇಷ್ಮೆಗೆ ಸರಿಯೋ ಎಂದು ಹೇಳುತ್ತಿದ್ದಳು. ಅವಳು ಮುಖ್ಯಸ್ಥೆಯಾದಾಗ ಯಾರಿಗೂ ಹೊಟ್ಟೆಯುರಿಯಲಿಲ್ಲ. ಅದು ಅವಳಿಗೇ ಸಲ್ಲಬೇಕಾದದ್ದು ಎಂದು ಎಲ್ಲರಿಗೂ ಅನಿಸಿತ್ತು.

ಇಷ್ಟೆಲ್ಲ ಇದ್ದರೂ ಅವಳ ಗಂಡ ಮಾತ್ರ ಯಾವಾಗಲೂ ಮುದುಡಿದ ಅಂಗಿಯಲ್ಲೇ ಓಡಾಡುತ್ತಿದ್ದ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟುವುದಿಲ್ಲ ಎಂದು ಅವಳು ಮದುವೆಯಾದ ಹೊಸದರಲ್ಲೇ ಹೇಳಿಬಿಟ್ಟಿದ್ದಳು.

"ಊರವರ ಅಂಗಿಗೆಲ್ಲ ಕತ್ತಿ ಹಾಗೆ ಗೆರೆ. ನನ್ನ ಅಂಗಿ ನೋಡು, ಎಮ್ಮೆ ಮೆದ್ದು ಉಗುಳಿದ ಹಾಗಿದೆ," ಎಂದು ಅವನು ಆಗಾಗ ಗೊಣಗುತ್ತಿದ್ದ.

"ಗಂಟೆ ಹೊಡೆಯೋಕೆ ಗೆರೆ ಯಾಕ್ರೀ ಬೇಕು? ಕೈ ಇದ್ರೆ ಸಾಕು," ಎನ್ನುತ್ತಿದ್ದಳು ಇವಳು.

ಹೌದು, ಅವನು ಶಾಲೆಯಲ್ಲಿ ಗಂಟೆ ಹೊಡೆಯುವವನು. ಹೋಟೆಲಿನ ಹಿಂದಿನ ಬೀದಿಯಲ್ಲೇ ಆ ಶಾಲೆ. ಅಂಗಳದ ಆ ತುದಿಯಲ್ಲಿ, ಮರದ ಕೊಂಬೆಗೆ ತೂಗುಹಾಕಿದ ದಪ್ಪ ಕಬ್ಬಿಣದ ತುಂಡು, ಅದಕ್ಕೊಂದು ಸುತ್ತಿಗೆ. ಅವನು ಹೊಡೆದರೆ ಸದ್ದು ನೆಲಮಾಳಿಗೆಯ ಕಿಂಡಿಯವರೆಗೂ ಇಳಿದು ಬರುತ್ತಿತ್ತು. ನೆಲಮಾಳಿಗೆಯಲ್ಲಿ ಗಡಿಯಾರ ಇರಲಿಲ್ಲವೆಂದಲ್ಲ. ಇತ್ತು, ಆದರೆ ಹಬೆಯಿಂದ ಅದರ ಗಾಜು ಮಂಜಾಗಿ ಮುಳ್ಳು ಕಾಣುತ್ತಿರಲಿಲ್ಲ. ಹೀಗಾಗಿ ಶಾಲೆ ಬಿಡುವ ಕೊನೆಯ ಗಂಟೆಯೇ ಬೆಳಗಿನ ಪಾಳಿಯ ಕೊನೆಯ ಗಂಟೆಯೂ ಆಗಿತ್ತು. "ಬಾವ ಬಿಡುಗಡೆ ಮಾಡಿದ್ರು ಕಣ್ರೇ," ಎಂದು ಮಡಿಸುವ ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಏಳುತ್ತಿದ್ದರು. ಆ ಗಂಟೆ ಒಂದು ದಿನವೂ ಹಿಂದೆ ಮುಂದೆ ಆದದ್ದಿಲ್ಲ. ಅದೇ ಅವನ ಹೆಮ್ಮೆ. ಜ್ವರ ಬಂದಾಗಲೂ ಕಂಬಳಿ ಹೊದ್ದು ಹೋಗಿ ಹೊಡೆದು ಬಂದಿದ್ದ.

ಹೀಗೆ ಎಲ್ಲವೂ ತನ್ನ ಪಾಡಿಗೆ ನಡೆಯುತ್ತಿದ್ದಾಗ ಹೋಟೆಲಿಗೆ ಹೊಸ ಮ್ಯಾನೇಜರ್ ಮೇಡಂ ಬಂದರು. ದೂರದಿಂದ ಬಂದವರು, ಇಲ್ಲಿಯ ಮಾತು ಬಾರದು. ಒಳ್ಳೆಯ ಹೆಂಗಸು, ಎದುರು ಸಿಕ್ಕರೆ ನಗುತ್ತಿದ್ದರು. ಆದರೆ ಅವರ ಕೋಣೆ ತೀರ ಮೇಲಿನ ಮಹಡಿಯಲ್ಲಿ. ಅವರೊಂದು ಹೊಸ ಪದ್ಧತಿ ತಂದರು. ಮುಂದಿನ ತಿಂಗಳಿಂದ ಪ್ರತಿ ಪಾಳಿ ಮುಗಿಯುವಾಗ ಮುಖ್ಯಸ್ಥರು ಗೋಡೆಯ ಫೋನಿನಲ್ಲಿ ಮೇಲಕ್ಕೆ ಮಾತಾಡಬೇಕು. ಏನು ಮುಗಿಯಿತು, ಏನು ನಡೆಯುತ್ತಿದೆ, ಏನು ಮಾಡುವುದಿದೆ, ಮೂರನ್ನೂ ಹೇಳಬೇಕು. ಇಂಗ್ಲಿಷಿನಲ್ಲಿ. ಫೋನಿನಲ್ಲಿ ಸರಿಯಾಗಿ ಹೇಳುವವರೇ ಪಾಳಿಯ ಮುಖ್ಯಸ್ಥರು.

ಇಸ್ತ್ರಿಯಕ್ಕ ಇಷ್ಟು ಕಾಲ ಹಿಂದಿನ ಮ್ಯಾನೇಜರುಗಳ ಹತ್ತಿರ ಕೈಯಲ್ಲೇ ಮಾತಾಡಿದವಳು. ಮಡಿಸಿ ಕಟ್ಟಿಟ್ಟ ಬಟ್ಟೆಯ ಗಂಟು ತೋರಿಸಿದರೆ ಮುಗಿಯಿತು ಎಂದರ್ಥ. ಯಂತ್ರ ತೋರಿಸಿದರೆ ನಡೆಯುತ್ತಿದೆ. ಬಾಗಿಲ ಬಳಿಯ ಕೊಳೆಬಟ್ಟೆಯ ಗಾಡಿ ತೋರಿಸಿದರೆ ಇನ್ನು ಮಾಡಬೇಕು. ಆದರೆ ಫೋನಿಗೆ ಕಣ್ಣಿರಲಿಲ್ಲ.

"ಅಕ್ಕಾ, ತಲೆ ಕೆಡಿಸ್ಕೋಬೇಡಿ," ಎಂದ ಡ್ರೈಯರ್ ಮಾಮ. ಒಣಗಿಸುವ ಯಂತ್ರ ನೋಡಿಕೊಳ್ಳುತ್ತಿದ್ದ ಅವನು ಹಿಂದೆ ಹಡಗಿನಲ್ಲಿ ಕೆಲಸ ಮಾಡಿದವನು. "ಫೋನ್ ನಾನು ನೋಡ್ಕೋತೀನಿ. ಹಡಗಲ್ಲಿ ಎಂಥೆಂಥ ದೊರೆಗಳ ಹತ್ರ ಮಾತಾಡಿದೀನಿ. ನೀವು ಆರಾಮಾಗಿ ಇಸ್ತ್ರಿ ಮಾಡ್ಕೊಂಡಿರಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ 'ಆರಾಮಾಗಿ ಇಸ್ತ್ರಿ ಮಾಡ್ಕೊಂಡಿರಿ' ಎಂಬ ಮಾತು ಅವಳ ಎದೆಗೆ ನಾಟಿತು. ಕಾಲುಚೀಲದಿಂದ ಇಲ್ಲಿಯವರೆಗೆ ಮೆಟ್ಟಿಲು ಹತ್ತಿ ಬಂದವಳನ್ನು ಒಂದು ಫೋನು ಮತ್ತೆ ಕೆಳಗಿಳಿಸುವುದೇ?

ಅಂದು ಸಂಜೆ ಮನೆಗೆ ಬಂದವಳೇ ಗಂಡನ ಎದುರು ಮಣೆ ಹಾಕಿ ಕೂತಳು.

"ರೀ, ನನಗೆ ಇಂಗ್ಲಿಷ್ ಕಲಿಸಿ."

ಅವನ ಮುಖ ಹಿಗ್ಗಿತು. ಏಕೆಂದರೆ ತನಗೆ ಇಂಗ್ಲಿಷ್ ಪೂರ್ತಿ ಬರುತ್ತದೆ ಎಂದು ಅವನು ಮನೆಯಲ್ಲಿ ಮೊದಲಿನಿಂದಲೂ ಕೊಚ್ಚಿಕೊಂಡು ಬಂದಿದ್ದ. ಮಗಳು ಓದುತ್ತಿದ್ದ ಕಾಲದಲ್ಲಿ ಪಕ್ಕದ ಕೋಣೆಯಿಂದಲೇ ಅವಳ ಪಾಠ ತಿದ್ದುತ್ತಿದ್ದ. ಅವನ ವಿದ್ಯೆಯ ಮೂಲ ಒಂದು ಮರದ ಸ್ಟೂಲು. ಶಾಲೆಯ ಜಗುಲಿಯಲ್ಲಿ, ಇಂಗ್ಲಿಷ್ ಟೀಚರಮ್ಮನ ತರಗತಿಯ ಕಿಟಕಿಗೆ ತಾಗಿ ಆ ಸ್ಟೂಲು ಇತ್ತು. ದಿನದ ಕೊನೆಯ ಪಾಠ ಇಂಗ್ಲಿಷ್. ಮಕ್ಕಳು ಒಳಗೆ ರಾಗವಾಗಿ ಹೇಳುತ್ತಿದ್ದುದನ್ನು ಇವನು ಹೊರಗೆ ಕೂತು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ.

"ಹೇಳು ನನ್ನ ಹಿಂದೆ," ಎಂದು ತೊಡೆ ತಟ್ಟಿದ. "ವಾಕ್, ವಾಕ್ಡ್, ವಾಕಿಂಗ್. ಜಂಪ್, ಜಂಪ್ಡ್, ಜಂಪಿಂಗ್."

"ಹಂಗಂದ್ರೇನು?"

ಅವನು ತಲೆ ಕೆರೆದುಕೊಂಡ. "ವಾಕ್ ಅಂದ್ರೆ ನಡೆಯೋದು. ಜಂಪ್ ಅಂದ್ರೆ ಹಾರೋದು."

"ಅದು ಸರಿ. ಬಾಲ ಯಾಕೆ ಬದಲಾಗುತ್ತೆ?"

ಅವನಿಗೆ ರಾಗ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಅವಳಿಗೆ ರಾಗ ಗೊತ್ತಿರಲಿಲ್ಲ. ಆದರೆ ಕೆಲಸ ಗೊತ್ತಿತ್ತು. ಯಂತ್ರದ ಗುಂಡಿಗಳ ಮೇಲಿನ ಮಾತುಗಳನ್ನು ಕಣ್ಣಿನಿಂದಲೇ ಗುರುತು ಹಿಡಿಯುತ್ತಿದ್ದಳು: ಸೋಕ್, ವಾಷ್, ರಿನ್ಸ್, ಡ್ರೈ. ಅವುಗಳ ಜೊತೆಗೆ ಐರನ್, ಫೋಲ್ಡ್. ಅವುಗಳನ್ನು ಒಂದೊಂದಾಗಿ ಅವನ ರಾಗಕ್ಕೆ ಹಾಕಿದಳು. ವಾಷ್, ವಾಷ್ಡ್, ವಾಷಿಂಗ್. ಹಾಕುತ್ತ ಹಾಕುತ್ತ ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು.

"ತಾಳಿ ತಾಳಿ. ಕೆಲಸ ಮುಗಿದ ಮೇಲೆ ನಾವು ಗಂಟು ಕಟ್ತೀವಲ್ಲ, ಅದೇ ಇದು! ಆ 'ಡ್' ಅನ್ನೋದು ಗಂಟು. ವಾಷ್ಡ್. ಕಟ್ಟಿ ಇಟ್ಟಾಯ್ತು. ಇನ್ನು 'ಇಂಗ್' ಅನ್ನೋದು ಯಂತ್ರ ತಿರುಗೋ ಸದ್ದು. ವಾಷಿಂಗ್, ವಾಷಿಂಗ್. ಇನ್ನೂ ತಿರುಗ್ತಾ ಇದೆ."

ಗಂಡ ಬಾಯಿ ಬಿಟ್ಟುಕೊಂಡು ನೋಡಿದ. ಇಷ್ಟು ವರ್ಷ ಕಿಟಕಿಯ ಹೊರಗೆ ಕೂತು ಕೇಳಿದ್ದು ಈಗ ತನ್ನ ಅಡುಗೆಮನೆಯ ನೆಲದ ಮೇಲೆ ಅರ್ಥವಾಗಿತ್ತು.

"ಅಲ್ಲ ಕಣೇ, ಟೀಚರಮ್ಮಂಗಿಂತ ನೀನೇ ಚೆನ್ನಾಗಿ ಹೇಳ್ತೀಯ."

"ಹೊಗಳಿದ್ದು ಸಾಕು. ನಾನು ಒಗೆದೆ ಅನ್ನೋಕೆ?"

"ಐ ವಾಷ್ಡ್."

"ನಾವು ಒಗೆದ್ವಿ?"

"ವಿ ವಾಷ್ಡ್."

"ಮ್ಯಾನೇಜರ್ ಮೇಡಂ ಒಗೆದರು ಅಂದ್ರೆ?"

"ಅದಕ್ಕೂ ವಾಷ್ಡೇ."

"ಅಯ್ಯೋ, ಅವರಿಗೊಂದು ಮರ್ಯಾದೆ ಬೇಡ್ವಾ? ನನಗೂ ಅದೇ, ಅವರಿಗೂ ಅದೇನಾ?" ಎಂದು ಕೇಳಿ, ಒಂದು ಗಳಿಗೆ ಯೋಚಿಸಿ ನಕ್ಕಳು. "ಒಂದು ಲೆಕ್ಕಕ್ಕೆ ಒಳ್ಳೇದೇ ಬಿಡಿ. ಯಾರು ಒಗೆದ್ರೂ ಒಗೆದ ಹಾಗೇ."

'ಗೋ' ಎಂಬ ಒಂದು ಮಾತಿದೆ, ಅದು ನಿನ್ನೆಗೆ ಹೋದರೆ 'ವೆಂಟ್' ಆಗಿ ಬರುತ್ತದೆ, ಮುಖವೇ ಗುರುತು ಸಿಗುವುದಿಲ್ಲ ಎಂದು ಗಂಡ ಹೆದರಿಸಿದ. "ಅಂಥ ಮೊಂಡುಗಳು ನಮಗೆ ಬೇಡ," ಎಂದಳು ಅವಳು. "ನಮ್ಮ ಕೆಲಸದವೆಲ್ಲ ಹೇಳಿದ ಮಾತು ಕೇಳೋವೇ." ನಿಜವೇ ಆಗಿತ್ತು. ನೆನೆಸು, ಒಗೆ, ಜಾಲಿಸು, ಒಣಗಿಸು, ಇಸ್ತ್ರಿ ಮಾಡು, ಮಡಿಸು: ಒಂದೊಂದೂ ಸುಮ್ಮನೆ ತಲೆ ಬಗ್ಗಿಸಿ ಗಂಟು ಕಟ್ಟಿಸಿಕೊಳ್ಳುತ್ತಿತ್ತು. ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ, ಪಾತ್ರೆ ತೊಳೆಯುವಾಗ, ಹಲಗೆಯ ಮುಂದೆ ನಿಂತಾಗ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಮಡಿಸುವ ಹೆಂಗಸರು ಅಕ್ಕ ಯಾವುದೋ ಹರಕೆ ಹೊತ್ತಿದ್ದಾಳೆ ಎಂದುಕೊಂಡರು.

ಒಂದೇ ಒಂದು ಕೊರತೆ ಇತ್ತು.

"ರೀ, ನಿನ್ನೆ ಆಯ್ತು, ಈಗ ಆಯ್ತು. ನಾಳೇದು?"

ಗಂಡ ರಾಗವನ್ನು ಮೊದಲಿನಿಂದ ಹೇಳಿದ. ವಾಕ್, ವಾಕ್ಡ್, ವಾಕಿಂಗ್. ಅಲ್ಲಿಗೆ ಬಂದು ನಿಂತ. ಮತ್ತೆ ಹೇಳಿದ. ಮತ್ತೆ ಅಲ್ಲೇ ನಿಂತ.

ಆಗಲೇ ಅವನಿಗೆ ಹೊಳೆದದ್ದು. ಟೀಚರಮ್ಮ ನಾಳೆಯ ಪಾಠವನ್ನು ಹೇಳಿಸುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. ಆ ಹೊತ್ತಿಗೆ ಇವನು ಸ್ಟೂಲು ಬಿಟ್ಟು ಎದ್ದು, ಅಂಗಳ ದಾಟಿ, ಮರದ ಕೆಳಗೆ ಸುತ್ತಿಗೆ ಹಿಡಿದು ನಿಂತಿರುತ್ತಿದ್ದ. ಮಕ್ಕಳು ದೂರದಲ್ಲಿ ಏನೋ ಕೂಗುವುದು ಕೇಳುತ್ತಿತ್ತು. ಆದರೆ ಅವನ ಕಣ್ಣು, ಕಿವಿ ಎಲ್ಲ ಕೈಗಡಿಯಾರದ ಮುಳ್ಳಿನ ಮೇಲೆ.

ಇದನ್ನು ಒಪ್ಪಿಕೊಳ್ಳುವುದು ಹೇಗೆ? "ಆ ಇಂಗ್ಲಿಷಿನವರಿಗೆ ನಾಳೆ ಅನ್ನೋದೇ ಇಲ್ಲ ಅನ್ಸುತ್ತೆ ಕಣೇ. ಎಲ್ಲ ಇವತ್ತೇ ಮುಗಿಸಿಬಿಡ್ತಾರೆ," ಎಂದ.

"ಏನ್ರೀ ನೀವು, ನಾಳೆ ಇಲ್ಲದ ಜನ ಇರ್ತಾರಾ? ಇನ್ನೊಂದು ಬಾಲ ಇರ್ಲೇಬೇಕು."

ಇಬ್ಬರೂ ಸೇರಿ ಬಾಲ ಹುಡುಕಿದರು. ನಮ್ಮ ಮಾತಿನಲ್ಲಿ ಒಗೆದೆ, ಒಗೆಯುತ್ತಿದ್ದೇನೆ, ಒಗೆಯುತ್ತೇನೆ, ಎಲ್ಲವೂ ಹಿಂದೆಯೇ ಅಂಟುವುದರಿಂದ ಅವರೂ ಮಾತಿನ ಹಿಂದೆಯೇ ತಡಕಾಡಿದರು. ವಾಷೂ? ವಾಷಾ? ವಾಷೇನ್? ಹೇಳಿ ಹೇಳಿ ನಗು ಬಂದು ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳಿಗೆ ಫೋನು ಮಾಡೋಣವೇ ಎಂದಾಗ ಗಂಡನ ಮುಖ ಬಾಡಿತು. ಪಕ್ಕದ ಕೋಣೆಯಿಂದ ಪಾಠ ತಿದ್ದಿದ ಅಪ್ಪ ಅವನು. ಅವಳು ಆ ಮಾತನ್ನು ಅಲ್ಲಿಗೇ ಬಿಟ್ಟಳು.

ತಿಂಗಳು ಹುಟ್ಟಿತು. ಮೊದಲ ದಿನ ಪಾಳಿಯ ಕೊನೆಗೆ ಇಸ್ತ್ರಿಯಕ್ಕ ಕೈ ಒರೆಸಿಕೊಂಡು ಗೋಡೆಯ ಫೋನು ಎತ್ತಿದಳು. ಯಂತ್ರದವರು, ಮಡಿಸುವವರು ಎಲ್ಲರೂ ಸುತ್ತ ನಿಂತಿದ್ದರು.

"ಮೇಡಂ, ವಿ ವಾಷ್ಡ್ ದ ಶೀಟ್ಸ್. ವಿ ಐರನ್ಡ್ ದ ಶೀಟ್ಸ್. ವಿ ಆರ್ ಡ್ರೈಯಿಂಗ್ ದ ಟವೆಲ್ಸ್."

ಮಡಿಸುವ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು. "ಅಕ್ಕ ಬಿಟ್ಳು ನೋಡೇ ಬಾಣ!"

ಆ ಕಡೆಯಿಂದ ಮೇಡಂ ಖುಷಿಯಾಗಿ ಏನೋ ಅಂದು, ಉಳಿದದ್ದೇನು ಎಂದು ಕೇಳಿದರು. ಪ್ರಶ್ನೆ ಅವಳಿಗೆ ತಿಳಿಯಿತು. ಬಾಗಿಲ ಬಳಿಯ ಗಾಡಿಯಲ್ಲಿ ಈಜುಕೊಳದ ಟವೆಲ್‌ಗಳು ರಾಶಿ ಬಿದ್ದಿದ್ದವು. ಅವಳ ಕೈ ತಾನಾಗಿ ಎದ್ದು ಆ ಕಡೆ ತೋರಿಸಿತು. ಬಾಯಿಂದ ಮಾತು ಹೊರಡಲಿಲ್ಲ. ಫೋನಿನಲ್ಲಿ ಬರಿಯ ಯಂತ್ರದ ಸದ್ದು.

ಡ್ರೈಯರ್ ಮಾಮ ಮೆಲ್ಲಗೆ ಫೋನು ತೆಗೆದುಕೊಂಡ. "ಮೇಡಂ, ಟವೆಲ್ ಟುಮಾರೋ, ನೋ ಪ್ರಾಬ್ಲಮ್, ನೋ ಪ್ರಾಬ್ಲಮ್!" ಎಂದು ಹಡಗಿನ ಗತ್ತಿನಲ್ಲಿ ಹೇಳಿ ಮುಗಿಸಿದ. ಹೆಂಗಸರು ಚಪ್ಪಾಳೆ ತಟ್ಟಿದರು. ಆಮೇಲೆ ಇಸ್ತ್ರಿಯಕ್ಕನ ಮುಖ ನೋಡಿ ಕೈ ಕೆಳಗಿಳಿಸಿದರು.

ಶುಕ್ರವಾರದವರೆಗೆ ನೋಡೋಣ, ಆಮೇಲೆ ಯಾರು ಮುಖ್ಯಸ್ಥರು ಎಂದು ನಿರ್ಧರಿಸೋಣ ಎಂದು ಮೇಲಿಂದ ಮಾತು ಬಂತು.

ಅಂದು ಸಂಜೆ ಅವಳು ಗಂಡನಿಗೆ ಎಲ್ಲ ಹೇಳಿದಳು. ಅಳಲಿಲ್ಲ. "ನೋ ಪ್ರಾಬ್ಲಮ್ ಅಂದ್ರೆ ಏನ್ ಹೇಳ್ದಂಗಾಯ್ತು ಹೇಳಿ? ಯಾವ ಬಟ್ಟೆ, ಯಾರು ಒಗೀತಾರೆ, ಏನೂ ಇಲ್ಲ ಅದ್ರಲ್ಲಿ. ಮುಂದಿನ ಪಾಳಿಯವರು ಆ ಗಾಡಿ ಮುಂದೆ ನಿಂತು ಬಾಯಿ ಬಾಯಿ ಬಿಡ್ಬೇಕು. ಕೆಲಸ ವಹಿಸೋದು ಹಂಗಲ್ಲ." ಇಷ್ಟು ಹೇಳಿ ತಟ್ಟೆ ತೆಗೆದುಕೊಂಡು ಎದ್ದಳು.

ಗಂಡನ ತುತ್ತು ಕೈಯಲ್ಲೇ ಉಳಿದಿತ್ತು.

ಗುರುವಾರ ಮಧ್ಯಾಹ್ನ. ನೆಲಮಾಳಿಗೆಯಲ್ಲಿ ಕೊನೆಯ ಚಾದರಗಳು ಮಡಿಕೆಯಾಗುತ್ತಿದ್ದವು. ಗಂಟೆಯ ಹೊತ್ತಾಯಿತು ಎಂದು ಎಲ್ಲರ ಸೊಂಟಕ್ಕೂ ಗೊತ್ತಾಗುತ್ತಿತ್ತು. ಹೆಂಗಸರು ಕಿಂಡಿಯ ಕಡೆ ಕಿವಿ ಕೊಟ್ಟರು. ಗಂಟೆ ಬರಲಿಲ್ಲ.

"ಇವತ್ತು ಶಾಲೆಗೆ ರಜಾನಾ?"

"ಬೆಳಿಗ್ಗೆ ಹೊಡೆದ್ರಲ್ಲ!"

ಡ್ರೈಯರ್ ಮಾಮ ಸ್ಟೂಲು ಹತ್ತಿ ಗಡಿಯಾರದ ಗಾಜನ್ನು ತೋಳಿನಿಂದ ಒರೆಸಿ ನೋಡಿದ. "ದಾಟಿಹೋಗಿದೆ ಅಕ್ಕಾ! ಬಾವ ಸುತ್ತಿಗೆ ಕಳ್ಕೊಂಡ್ರೇನೋ."

ಯಾರೋ ನಕ್ಕರು. ಇಸ್ತ್ರಿಯಕ್ಕ ನಗಲಿಲ್ಲ. ಜ್ವರದಲ್ಲೂ ತಪ್ಪದ ಗಂಟೆ ಅದು. ಅವಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಾಗೆಯೇ ಮೇಲೆದ್ದು ನಿಂತಿತ್ತು. ಬಿದ್ದರೇ? ಎದೆ ಹಿಡಿದುಕೊಂಡಿತೇ? ಪೆಟ್ಟಿಗೆಯನ್ನು ಕೆಳಗಿಟ್ಟು, ತಂತಿ ಎಳೆದು, ಮೆಟ್ಟಿಲ ಕಡೆ ಓಡಿದಳು. ಅರ್ಧ ಮೆಟ್ಟಿಲು ಹತ್ತಿರಬೇಕು, ಅಷ್ಟರಲ್ಲಿ ಗಂಟೆ ಮೊಳಗಿತು. ಎಂದಿನಂತೆಯೇ, ಬಿಗಿಯಾಗಿ, ಬಿಡಿಬಿಡಿಯಾಗಿ. ಆ ಕೈಯನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು. ಮೆಟ್ಟಿಲ ಮೇಲೆಯೇ ಕೂತು ಉಸಿರು ಬಿಟ್ಟಳು.

ಸಂಜೆ ಅವನು ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು.

"ಎಲ್ಲಿ ಸತ್ತಿದ್ರಿ? ಜೀವ ಬಾಯಿಗೆ ಬಂದಿತ್ತು ನನಗೆ!"

ಅವನು ಚಪ್ಪಲಿಯನ್ನೂ ಬಿಡಲಿಲ್ಲ. ಹೊಸ್ತಿಲ ಆಚೆ ನಿಂತೇ, ಮಕ್ಕಳ ರಾಗದಲ್ಲಿ ಹೇಳಿದ: "ಐ ವಿಲ್ ವಾಕ್. ವಿ ವಿಲ್ ವಾಕ್."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಬಾಲ ಅಲ್ಲ ಕಣೇ ಅದು! ನಾವಿಬ್ಬರೂ ಹಿಂದುಗಡೆ ಹುಡುಕ್ತಾ ಇದ್ವಿ. ಅದು ಮುಂದೆ ಬಂದು ನಿಲ್ಲುತ್ತೆ. ವಿಲ್!"

"ಮುಂದೆ," ಎಂದಳು ಅವಳು ಮೆಲ್ಲಗೆ. "ಬಾಗಿಲ ಹತ್ರ ಗಾಡಿ ನಿಂತ ಹಾಗೆ."

"ಅದೇ."

"ಅದಕ್ಕೇನಾ ಗಂಟೆ..."

ಅವನು ಮುಖ ತೊಳೆಯಲು ಹೋಗುತ್ತ ಹೋಗುತ್ತ ಹೇಳಿದ. ಎದ್ದು ಹೊರಡುವ ಹೊತ್ತಾಗಿತ್ತಂತೆ. ಕಾಲು ತಾನಾಗಿ ಎದ್ದಿತ್ತಂತೆ. ಇವನೇ ಬಲವಂತವಾಗಿ ಕಿಟಕಿಯ ಸರಳು ಹಿಡಿದು ನಿಂತನಂತೆ. "ಟೀಚರಮ್ಮ ಗಡಿಯಾರ ನೋಡಿದ್ರು. ಆಮೇಲೆ ನನ್ನ ನೋಡಿದ್ರು. ನನ್ನ ತುಟಿ ಆಡ್ತಾ ಇತ್ತೇನೋ. ಏನೂ ಅನ್ಲಿಲ್ಲ. ಮಕ್ಕಳಿಗೆ 'ಇನ್ನೊಂದ್ಸಲ, ನಿಧಾನವಾಗಿ' ಅಂದ್ರು."

"ಹೆಡ್ಮಾಸ್ಟರು ಬೈದ್ರಾ?"

"ಕರೆದಿದ್ರು. ಅದು ಆಮೇಲೆ. ಮೊದಲು ಹೇಳು ನೋಡೋಣ, ವಾಷ್‌ಗೆ?"

"ವಿ ವಿಲ್ ವಾಷ್."

"ಫೋಲ್ಡ್‌ಗೆ?"

"ವಿ ವಿಲ್ ಫೋಲ್ಡ್."

ಒಲೆ ಹಚ್ಚುವವರೆಗೂ ಅವನು ಕೇಳುತ್ತಲೇ ಇದ್ದ, ಅವಳು ಹೇಳುತ್ತಲೇ ಇದ್ದಳು.

ಶುಕ್ರವಾರ ಪಾಳಿಯ ಕೊನೆಗೆ ಮತ್ತೆ ಎಲ್ಲರೂ ಗೋಡೆಯ ಫೋನಿನ ಸುತ್ತ ನೆರೆದರು. ಇಸ್ತ್ರಿಯಕ್ಕ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ಅದು ಎದ್ದು ತೋರಿಸಬಾರದೆಂದು.

"ಮೇಡಂ, ವಿ ವಾಷ್ಡ್ ದ ಶೀಟ್ಸ್. ವಿ ಐರನ್ಡ್ ದ ಶೀಟ್ಸ್. ವಿ ಆರ್ ಡ್ರೈಯಿಂಗ್ ದ ಟವೆಲ್ಸ್." ಒಮ್ಮೆ ಉಸಿರೆಳೆದುಕೊಂಡಳು. "ಪೂಲ್ ಟವೆಲ್ಸ್, ನೆಕ್ಸ್ಟ್ ಶಿಫ್ಟ್ ವಿಲ್ ವಾಷ್. ವಿ ವಿಲ್ ಫೋಲ್ಡ್, ಮಾರ್ನಿಂಗ್."

ಆಮೇಲೆ ಮೇಡಂ ಅವಳು ಎಣಿಸಿರದ ಒಂದು ಪ್ರಶ್ನೆ ಕೇಳಿದರು. ಊಟದ ಹಾಲಿನ ಪರದೆಗಳನ್ನು ಸ್ಟೀಮ್ ಮಾಡಿದಿರಾ ಎಂದು. ಪರದೆಗಳು ಆಗಷ್ಟೇ ಕೆಳಗೆ ಬಂದಿದ್ದವು.

ಸ್ಟೀಮ್. ಈ ಮಾತನ್ನು ಅವರಿಬ್ಬರೂ ಅಡುಗೆಮನೆಯಲ್ಲಿ ಹೇಳಿಕೊಂಡಿರಲಿಲ್ಲ. ಗಂಡನ ರಾಗದಲ್ಲೂ ಅದು ಇರಲಿಲ್ಲ. ಡ್ರೈಯರ್ ಮಾಮ ಕೈ ಚಾಚಿದ. ಅವಳು ತಲೆಯಾಡಿಸಿದಳು. ಇದೂ ತನ್ನ ಕೆಲಸದ ಮಾತೇ. ಹಬೆಯ ಕೊಳವೆ ಹಿಡಿದು ತಾನೇ ಎಷ್ಟು ಪರದೆ ನೇರ ಮಾಡಿಲ್ಲ? ಕೆಲಸದ ಮಾತು ಹೇಳಿದ ಹಾಗೆ ಕೇಳಲೇಬೇಕು. ಗಂಟು ಹಿಂದೆ, ಗಾಡಿ ಮುಂದೆ.

"ನಾಟ್ ಸ್ಟೀಮ್ಡ್, ಮೇಡಂ," ಎಂದಳು. "ಟುಮಾರೋ ವಿ ವಿಲ್ ಸ್ಟೀಮ್."

ಫೋನಿನಿಂದ ನಗುವಿನ ಸದ್ದು ಬಂತು. ಅಣಕದ್ದಲ್ಲ, ಹಗುರಾದ ನಗು. ಗುಡ್ ಎಂದರು. ಥ್ಯಾಂಕ್ಯೂ ಎಂದರು. ಫೋನು ಇನ್ನು ನಿಮ್ಮದೇ ಎಂದರು. ಆ ಕೊನೆಯ ಮಾತನ್ನು ಡ್ರೈಯರ್ ಮಾಮನೇ ಎಲ್ಲರಿಗೂ ಬಿಡಿಸಿ ಹೇಳಿದ.

"ಫೋನ್ ಅಕ್ಕಂದೇ ಅಂತೆ ಕಣ್ರೋ! ಅಕ್ಕಾ, ಎಲ್ಲಿ ಕಲಿತ್ರಿ ಇದನ್ನ? ಹಡಗಲ್ಲೂ ಇಷ್ಟು ಬಿಡಿಸಿ ಯಾರೂ ಹೇಳ್ತಿರಲಿಲ್ಲ."

"ಮನೇಲಿ," ಎಂದಳು ಇಸ್ತ್ರಿಯಕ್ಕ. ಅಷ್ಟೇ ಹೇಳಿದಳು. ಆದರೆ ಅದನ್ನು ಹೇಳುವಾಗ ಅವಳ ಕತ್ತು ನೆಟ್ಟಗಾಗಿತ್ತು. ಅಷ್ಟರಲ್ಲಿ ಕಿಂಡಿಯಿಂದ ಗಂಟೆ ಇಳಿದು ಬಂತು, ಒಂದು ಚೂರೂ ತಡವಿಲ್ಲದೆ. ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

ಮನೆಯಲ್ಲಿ ಗಂಡನಿಗೆ ಒಂದೊಂದು ಮಾತನ್ನೂ ಹೇಳಬೇಕಾಯಿತು. ಸ್ಟೀಮ್ ಮಾತು ಬಂದಾಗ ಅವನು ಒರಗಿದ್ದ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ. ಅವಳು ಉತ್ತರ ಹೇಳಿದಾಗ ತನ್ನ ತೊಡೆಗೆ ತಾನೇ ಹೊಡೆದುಕೊಂಡ. "ನಾನು ಹೇಳಿಕೊಡದ್ದನ್ನೂ ಹೇಳಿದ್ಳು ನೋಡು ನನ್ನ ಹೆಂಡ್ತಿ!" ಎಂದು ಖಾಲಿ ಕೋಣೆಗೆ ಹೇಳಿದ.

"ಹೆಡ್ಮಾಸ್ಟರು ಏನಂದ್ರು, ಅದನ್ನ ಇನ್ನೂ ಹೇಳಿಲ್ಲ ನೀವು."

"ಇಷ್ಟು ವರ್ಷದಲ್ಲಿ ಒಂದು ದಿನ ತಪ್ಪದವನು ಇವತ್ತು ಯಾಕಯ್ಯಾ ತಡ ಮಾಡ್ದೆ ಅಂತ ಕೇಳಿದ್ರು. ಪಾಠ ಇನ್ನೂ ಮುಗಿದಿರಲಿಲ್ಲ ಸಾರ್ ಅಂದೆ."

"ಅದಕ್ಕೆ?"

"ಈಗ ಮುಗೀತಾ ಅಂದ್ರು. ಇಲ್ಲ ಸಾರ್, ಮನೇಲಿ ಮುಗಿಯುತ್ತೆ ಅಂದೆ. ನಕ್ಕುಬಿಟ್ರು."

ಅವಳು ಎದ್ದಳು. ಅಟ್ಟದ ಮೇಲಿಂದ ಹಳೆಯ ಇಸ್ತ್ರಿಪೆಟ್ಟಿಗೆ ಇಳಿಸಿ ಧೂಳು ಒರೆಸಿದಳು. ಮೇಜಿನ ಮೇಲೆ ಕಂಬಳಿ ಹಾಸಿದಳು. ಗೂಟದಿಂದ ಅವನ ಖಾಕಿ ಅಂಗಿ ತೆಗೆದು ಹರಡಿದಳು. ಬೆರಳಿನಿಂದ ಒಂದು ಹನಿ ಚಿಮುಕಿಸಿದಳು. ಚುರ್ ಎಂದಿತು.

ಗಂಡ ಕಣ್ಣು ಮಿಟುಕಿಸದೆ ನೋಡುತ್ತಿದ್ದ. "ಏನಿದು? ಸೂರ್ಯ ಎಲ್ಲಿ ಹುಟ್ಟಿದಾನೆ ಇವತ್ತು?"

"ಸುಮ್ನಿರಿ," ಎಂದಳು ಅವಳು, ತೋಳಿನ ಮೇಲೆ ಗೆರೆ ಎಳೆಯುತ್ತ. "ನನಗೆ ಪಾಠ ಹೇಳಿದವರು ನಾಳೆ ಮುದುಡಿದ ಅಂಗೀಲಿ ಗಂಟೆ ಹೊಡೆದ್ರೆ ನನ್ನ ಮರ್ಯಾದೆ ಏನಾಗ್ಬೇಕು?"